ಬದುವಿನ ಮರದ ಖರ್ಚು: ಸರ್ಕಾರದ ಪಾಲೆಷ್ಟು, ರೈತನ ಪಾಲೆಷ್ಟು?

ಮುಂಗಾರು ಕಾಲಿಡುತ್ತಿದ್ದಂತೆ ರಾಜ್ಯದಾದ್ಯಂತ ಸಸಿ ನೆಡುವ ಸಮಾರಂಭಗಳು ಆರಂಭವಾಗುತ್ತವೆ. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಈಗ ಏಳು ದಶಕ ದಾಟಿದ ಇತಿಹಾಸವಿದೆ. 1950ರಲ್ಲಿ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ.ಎಂ. ಮುನ್ಶಿ ಅವರು ಆರಂಭಿಸಿದ ಈ ಆಚರಣೆ ಇಂದಿಗೂ ತಪ್ಪಿಲ್ಲ. ಜನಪ್ರತಿನಿಧಿಗಳು ಗುಂಡಿಗೆ ಮಣ್ಣು ಎಳೆದು, ನೀರೆರೆದು, ಭಾವಚಿತ್ರಕ್ಕೆ ನಿಲ್ಲುವುದೂ ತಪ್ಪಿಲ್ಲ. ಆದರೆ ನೆಟ್ಟ ಸಸಿ ಮುಂದಿನ ಬೇಸಿಗೆಯನ್ನು ಕಾಣುತ್ತದೆಯೇ, ಕಂಡರೆ ಅದರ ಖರ್ಚನ್ನು ಭರಿಸಿದವರು ಯಾರು, ಬೆಳೆದು ನಿಂತ ಮೇಲೆ ಮರ ಯಾರಿಗೆ ಸೇರುತ್ತದೆ ಎಂಬ ಪ್ರಶ್ನೆಗಳು ಸಮಾರಂಭ ಮುಗಿದ ನಂತರ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪಶ್ಚಿಮಘಟ್ಟದ ಕಾಡಿಗೆ ಹೋಗಬೇಕಿಲ್ಲ. ಕಾಡೇ ಇಲ್ಲದ ಊರಿಗೆ ಹೋಗುವುದು ಹೆಚ್ಚು ಸೂಕ್ತ. ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರೈಲು ಕುಂದಗೋಳ ದಾಟಿದ ಮೇಲೆ ಸಂಶಿ ನಿಲ್ದಾಣ ಬರುತ್ತದೆ. ಹಳಿಯ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಎರೆ ನೆಲ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಬ್ಯಾಡಗಿ ತಳಿಯ ಮೆಣಸಿನಕಾಯಿ; ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ. ನಡುವೆ ಎಲ್ಲೋ ಒಂದು ಬೇವು, ಹಳ್ಳದ ದಂಡೆಯಲ್ಲಿ ನಾಲ್ಕು ಕರಿಜಾಲಿ, ಗುಡಿಯ ಮುಂದೊಂದು ಬನ್ನಿ ಗಿಡ. ಧಾರವಾಡ ಜಿಲ್ಲೆಯ ಕಾಡೆಲ್ಲ ಕಲಘಟಗಿ, ಧಾರವಾಡ, ಅಳ್ನಾವರದ ಕಡೆಗೇ ಸೇರಿಕೊಂಡಿದೆ. ಕುಂದಗೋಳ, ನವಲಗುಂದ, ಅಣ್ಣಿಗೇರಿಗಳಲ್ಲಿ ಅರಣ್ಯ ಇಲಾಖೆಗೆ ನೆಡಲು ಸ್ವಂತ ನೆಲವೇ ಇಲ್ಲವೆಂದರೂ ತಪ್ಪಾಗದು. ಅಲ್ಲಿ ಮರ ಬೆಳೆಯಬೇಕಾದರೆ ಅದು ರೈತನ ಹೊಲದಲ್ಲೇ ಬೆಳೆಯಬೇಕು.

1988ರ ರಾಷ್ಟ್ರೀಯ ಅರಣ್ಯ ನೀತಿಯು ದೇಶದ ಭೂಭಾಗದ ಮೂರನೇ ಒಂದರಷ್ಟು ಹಸಿರು ಹೊದಿಕೆಯ ಗುರಿ ಇರಿಸಿತು. ಕರ್ನಾಟಕದಲ್ಲಿ ಅರಣ್ಯ ಹೊದಿಕೆ ಇರುವುದು ಐದನೇ ಒಂದರ ಆಸುಪಾಸು. ಉಳಿದ ಅಂತರವನ್ನು ಸರ್ಕಾರಿ ಜಮೀನಿನಲ್ಲಿ ತುಂಬುವುದು ಅಸಾಧ್ಯವೆಂಬುದು ಇಲಾಖೆಗೂ ಗೊತ್ತು. ಖಾಸಗಿ ಭೂಮಾಲೀಕನಿಗೆ ಹಣಕಾಸಿನ ನೆರವು ನೀಡಿ, ಅವನ ನೆಲದಲ್ಲಿ ಮರ ಬೆಳೆಸುವ ವೆಚ್ಚವನ್ನು ಸರ್ಕಾರ ಹಂಚಿಕೊಳ್ಳುವ ಚಿಂತನೆ ಹುಟ್ಟಿದ್ದು ಈ ಅನಿವಾರ್ಯದಿಂದ.

ಸಸಿ ಎಣಿಸುವ ಬದಲು ಮರ ಎಣಿಸುವ ಯೋಜನೆ

ರಾಜ್ಯದಲ್ಲಿ ಈ ಚಿಂತನೆಗೆ ಸ್ಪಷ್ಟ ರೂಪ ದೊರೆತದ್ದು 2011-12ರಲ್ಲಿ ಜಾರಿಗೆ ಬಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿಂದ. ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ಹೆಸರು ನೋಂದಾಯಿಸಬೇಕು. ಒಂದು ವರ್ಷ ಕಳೆದ ಮೇಲೆ ಇಲಾಖೆಯ ಸಿಬ್ಬಂದಿ ಹೊಲಕ್ಕೆ ಬಂದು ಬದುಕಿದ ಸಸಿಗಳನ್ನು ಎಣಿಸುತ್ತಾರೆ. ಬದುಕಿದ ಸಸಿಗೆ ಮಾತ್ರ ಹಣ. ಆರಂಭದಲ್ಲಿ ಪ್ರತಿ ಸಸಿಗೆ ಮೊದಲ ವರ್ಷ 10, ಎರಡನೇ ವರ್ಷ 15, ಮೂರನೇ ವರ್ಷ 20, ಒಟ್ಟು 45 ರೂಪಾಯಿ ನಿಗದಿಯಾಗಿತ್ತು. ನಂತರ ಅದನ್ನು 100 ರೂಪಾಯಿಗೆ, ಆಮೇಲೆ 125 ರೂಪಾಯಿಗೆ ಏರಿಸಲಾಯಿತು. ಈ ಪರಿಷ್ಕೃತ ದರದಂತೆ ಮೊದಲ ವರ್ಷಕ್ಕೆ 35, ಎರಡನೆಯದಕ್ಕೆ 40, ಮೂರನೆಯದಕ್ಕೆ 50 ರೂಪಾಯಿ. ಹೆಕ್ಟೇರಿಗೆ 400 ಸಸಿಗಳ ಮಿತಿಯಿದೆ.

ಯೋಜನೆಯ ಹಿಂದಿನ ವಿವೇಕವನ್ನು ಅಲ್ಲಗಳೆಯಲಾಗದು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ನಡೆದಾಗ ಯಶಸ್ಸಿನ ಅಳತೆಗೋಲು ವಿತರಿಸಿದ ಸಸಿಗಳ ಸಂಖ್ಯೆಯೇ ಆಗಿತ್ತು. ಸಸ್ಯಕ್ಷೇತ್ರದ ಗೇಟು ದಾಟಿದ ಸಸಿ ಕಡತದಲ್ಲಿ ಮರವಾಗಿಬಿಡುತ್ತಿತ್ತು. ಅದೇ ಕಾಲದಲ್ಲಿ ಕೋಲಾರದ ಕಡೆ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಸಸಿಯ ನೆರವಿನಿಂದ ಹೆಚ್ಚು ಲಾಭವಾದದ್ದು ಹೊಲದಲ್ಲಿ ತಾನೇ ದುಡಿಯದ ಮಾಲೀಕರಿಗೆ, ಕೆಲಸ ಕಳೆದುಕೊಂಡವರು ಕೂಲಿಕಾರರು ಎಂಬ ಟೀಕೆ ಆಗಲೇ ಕೇಳಿಬಂದಿತ್ತು. ಆ ಅನುಭವದಿಂದ ಕಲಿತ ಪಾಠವೆಂಬಂತೆ ಪ್ರೋತ್ಸಾಹ ಯೋಜನೆಯು ಎರಡು ಎಚ್ಚರಿಕೆ ವಹಿಸಿದೆ. ಒಂದು, ಬದುಕಿದ ಸಸಿಗೆ ಮಾತ್ರ ಹಣ. ಇನ್ನೊಂದು, ನೀಲಗಿರಿ, ಅಕೇಶಿಯಾ, ಗಾಳಿ, ಸಿಲ್ವರ್ ಓಕ್, ಸುಬಾಬುಲ್‌ಗಳಂತಹ ಶೀಘ್ರ ಬೆಳೆಯುವ ಜಾತಿಗಳಿಗೆ ಪ್ರೋತ್ಸಾಹ ಧನವಿಲ್ಲ.

ಎರಡನೆಯ ಎಚ್ಚರಿಕೆಗೆ ಧಾರವಾಡದ ನೆಲದಲ್ಲೇ ಬೇರುಗಳಿವೆ. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಂದಿಗೆ ಸೇರಿ ಸರ್ಕಾರ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಂಪನಿ ಸ್ಥಾಪಿಸಿ, ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ನೀಲಗಿರಿಗಾಗಿ ವಹಿಸಿಕೊಡಲು ಹೊರಟಾಗ ಈ ಭಾಗದ ಜನ ಸುಮ್ಮನಿರಲಿಲ್ಲ. 1987ರ ನವೆಂಬರ್ 14ರಂದು ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ನೆಡುವ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸಮಾಜ ಪರಿವರ್ತನ ಸಮುದಾಯ ಮುಂದಾಳತ್ವ ವಹಿಸಿತ್ತು. ಪ್ರಕರಣವನ್ನು ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಕಂಪನಿ ಮುಚ್ಚಿತು. ಜನರ ನೆಲದಲ್ಲಿ ಯಾವ ಮರ ಬೆಳೆಯಬೇಕೆಂಬುದನ್ನು ಕಾರ್ಖಾನೆ ತೀರ್ಮಾನಿಸಬಾರದೆಂಬ ಮಾತು ಅಲ್ಲಿಂದ ಮುಂದೆ ಸರ್ಕಾರಿ ಭಾಷೆಯಲ್ಲಿಯೂ ನುಸುಳಿತು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಉದ್ದೇಶ ಒಳ್ಳೆಯದು, ಎಣಿಕೆಯ ಕ್ರಮವೂ ಪ್ರಾಮಾಣಿಕ. ಹಾಗಿದ್ದೂ ಸಂಶಿ ಹೋಬಳಿಯಂತಹ ಪ್ರದೇಶದಲ್ಲಿ ಬದುಗಳು ಏಕೆ ಬೋಳಾಗಿವೆ?

ಲೆಕ್ಕ ತಪ್ಪುವುದು ಬೇಸಿಗೆಯಲ್ಲಿ

ಒಂದು ಸರಳ ಲೆಕ್ಕ ನೋಡಬಹುದು. ನಾಲ್ಕು ಎಕರೆ ಎರೆ ಹೊಲವುಳ್ಳ ರೈತನೊಬ್ಬ ಬದುವಿನಗುಂಟ 100 ಸಸಿ ಹಚ್ಚಿದನೆನ್ನೋಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಯೇ ನೋಡಿಕೊಳ್ಳುತ್ತದೆ. ಫೆಬ್ರುವರಿಯಿಂದ ಮೇ ಅಂತ್ಯದವರೆಗಿನ ಸುಮಾರು 16 ವಾರ ಸಸಿಗೆ ವಾರಕ್ಕೊಂದು ಕೊಡ, ಅಂದರೆ ಹತ್ತು ಲೀಟರ್ ನೀರು ಬೇಕೆಂದರೂ ಒಟ್ಟು 16 ಸಾವಿರ ಲೀಟರ್ ಆಯಿತು. ಕೊಳವೆಬಾವಿ ಇಲ್ಲದ ಹೊಲಕ್ಕೆ ಇದು ಟ್ಯಾಂಕರ್‌ನಲ್ಲೇ ಬರಬೇಕು. ನೀರಿನ ಬೆಲೆಯನ್ನು ಬದಿಗಿಟ್ಟು, ವಾರಕ್ಕೆ ಒಂದೇ ಆಳಿನಂತೆ ಹಿಡಿದರೂ 16 ಆಳು. 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಆ ದರದಲ್ಲಿ ಒಂದು ಬೇಸಿಗೆಗೆ ನೀರುಣಿಸುವ ಕೂಲಿಯೇ 5,920 ರೂಪಾಯಿ. ನೂರಕ್ಕೆ ನೂರು ಸಸಿ ಬದುಕಿದರೆ ಮೊದಲ ವರ್ಷ ಸಿಗುವ ಪ್ರೋತ್ಸಾಹ ಧನ 3,500; ಅರವತ್ತು ಬದುಕಿದರೆ 2,100.

ಮೂರು ವರ್ಷ ಪೂರ್ತಿ ನೋಡಿದರೂ ಚಿತ್ರ ಬದಲಾಗದು. 60 ಮರ ಮೂರು ವರ್ಷ ಉಳಿದರೆ 7,500 ರೂಪಾಯಿ. ಎರಡು ಬೇಸಿಗೆಯ ನೀರಿನ ಕೂಲಿ 11,840. ಗುಂಡಿ ತೆಗೆಯುವ, ಮುಳ್ಳು ಹಚ್ಚುವ, ಸತ್ತ ಸಸಿಯ ಜಾಗದಲ್ಲಿ ಮತ್ತೊಂದು ನೆಡುವ ಖರ್ಚು ಇದರಲ್ಲಿ ಸೇರಿಲ್ಲ. ಒಂದು ಮರವನ್ನು ಮೂರು ವರ್ಷ ಸಾಕಿದ್ದಕ್ಕೆ ಸರ್ಕಾರ ಕೊಡುವ ಹಣ ಒಂದು ದಿನದ ಕೂಲಿಯ ಮೂರನೇ ಒಂದು ಪಾಲು. ಇದು ವೆಚ್ಚದ ಹಂಚಿಕೆ ಅಲ್ಲ, ಬಹುಮಾನ. ಯೋಜನೆಯ ಹೆಸರಿನಲ್ಲೇ ‘ಪ್ರೋತ್ಸಾಹ’ ಎಂದಿರುವಾಗ ದೂರುವುದು ಹೇಗೆ ಎಂದು ಅಧಿಕಾರಿಗಳು ಕೇಳಬಹುದು, ಅದೂ ನ್ಯಾಯವೇ.

ಹಣದ ಮೊತ್ತಕ್ಕಿಂತ ಅದು ಬರುವ ಹೊತ್ತು ಹೆಚ್ಚು ಮುಖ್ಯ. ಪ್ರೋತ್ಸಾಹ ಧನದ ಶೇ 28ರಷ್ಟು ಮೊದಲ ವರ್ಷದ ಕೊನೆಗೆ, ಶೇ 32ರಷ್ಟು ಎರಡನೆಯದರ ಕೊನೆಗೆ, ಶೇ 40ರಷ್ಟು ಮೂರನೆಯದರ ಕೊನೆಗೆ ಬರುತ್ತದೆ. ಖರ್ಚಿನ ಇಳಿಜಾರು ಇದಕ್ಕೆ ತದ್ವಿರುದ್ಧ. ಗುಂಡಿ, ಗೊಬ್ಬರ, ಬೇಲಿ, ಮೊದಲ ಬೇಸಿಗೆಯ ನೀರು ಎಲ್ಲವೂ ಮೊದಲ ವರ್ಷಕ್ಕೇ ಬೀಳುತ್ತವೆ. ಮೂರನೇ ವರ್ಷದ ಹೊತ್ತಿಗೆ ಬೇರು ಆಳಕ್ಕಿಳಿದ ಮರ ತನ್ನನ್ನು ತಾನೇ ನೋಡಿಕೊಳ್ಳತೊಡಗುತ್ತದೆ. ಕೈಯಲ್ಲಿ ಕಾಸಿದ್ದ ರೈತ ಮೊದಲು ಹಾಕಿ ನಂತರ ಪಡೆಯಬಲ್ಲ. ಬೀಜ-ಗೊಬ್ಬರಕ್ಕೆ ಸಾಲ ಎತ್ತುವ ರೈತ ಗಿಡಕ್ಕೂ ಸಾಲ ಎತ್ತಲಾರ.

ಕೇಂದ್ರ ಸರ್ಕಾರದ್ದು ಬೇರೆ ಹಾದಿಯಾಗಿತ್ತು. 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ಪ್ರಕಟಿಸಿ, ಅಂತಹ ನೀತಿ ರೂಪಿಸಿದ ಮೊದಲ ದೇಶವೆಂಬ ಹೆಮ್ಮೆಗೆ ಭಾರತ ಪಾತ್ರವಾಯಿತು. ಅದರ ಬೆನ್ನಿಗೆ 2016-17ರಲ್ಲಿ ಬಂದ ಕೃಷಿ ಅರಣ್ಯ ಉಪ ಅಭಿಯಾನವು ಹೆಸರಿಗೆ ತಕ್ಕ ವೆಚ್ಚ ಹಂಚಿಕೆಯ ಯೋಜನೆ. ಅಂದಾಜು ವೆಚ್ಚದ ಅರ್ಧ ಸರ್ಕಾರದ್ದು, ಅರ್ಧ ರೈತನದು. ಸರ್ಕಾರದ ಅರ್ಧದಲ್ಲಿ ಕೇಂದ್ರ ಮತ್ತು ರಾಜ್ಯಗಳ ಪಾಲು 60:40. ಹಣ ನಾಲ್ಕು ವರ್ಷಗಳಲ್ಲಿ ಶೇ 40, 20, 20, 20ರಂತೆ ಬಿಡುಗಡೆಯಾಗಬೇಕೆಂದು ಮಾರ್ಗಸೂಚಿ ಹೇಳಿತ್ತು. ಅಂದರೆ ದೊಡ್ಡ ಕಂತು ಮೊದಲ ವರ್ಷಕ್ಕೆ. ರಾಜ್ಯದ ಯೋಜನೆಯಲ್ಲಿ ಅದೇ ಶೇ 40 ಕೊನೆಯ ವರ್ಷಕ್ಕೆ. ಒಂದೇ ಮರಕ್ಕೆ ಎರಡು ಸರ್ಕಾರಗಳು ಎರಡು ತುದಿಯಿಂದ ಹಣ ಎಣಿಸಿದ ಈ ವೈಚಿತ್ರ್ಯವನ್ನು ಕುಳಿತು ಚರ್ಚಿಸುವ ಅವಕಾಶವೇ ಒದಗಲಿಲ್ಲ. 2021-22ರ ನಂತರ ಉಪ ಅಭಿಯಾನ ಪ್ರತ್ಯೇಕವಾಗಿ ಉಳಿಯದೆ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ ವಿಲೀನಗೊಂಡಿತು. ಅಲ್ಲಿ ಒತ್ತು ಬಿದ್ದದ್ದು ಗುಣಮಟ್ಟದ ಸಸಿ ಉತ್ಪಾದನೆಯ ಮೇಲೆ, ಅಂದರೆ ಸಸ್ಯಕ್ಷೇತ್ರಗಳ ಮೇಲೆ. ಸುತ್ತಿ ಸುಳಿದು ವ್ಯವಸ್ಥೆ ಮತ್ತೆ ಸಸಿಯ ಬಳಿಗೇ ಬಂದು ನಿಂತಿದೆ.

ಬರಗಾಲದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆ ವರ್ಷ ನೆಟ್ಟ ಸಸಿ ಒಣಗಿದ್ದರೆ ಅದು ರೈತನ ಅಸಡ್ಡೆಯಲ್ಲ. ಕಡಲೆಗೆ, ಮೆಣಸಿನಕಾಯಿಗೆ ಬೆಳೆ ವಿಮೆಯ ಆಸರೆಯಾದರೂ ಉಂಟು. ಬದುವಿನ ಸಸಿಗೆ ವಿಮೆಯೂ ಇಲ್ಲ, ಪ್ರೋತ್ಸಾಹ ಧನವೂ ಇಲ್ಲ. ಬದುಕಿದ್ದಕ್ಕೆ ಮಾತ್ರ ಹಣ ಎಂಬ ನಿಯಮ ವಂಚನೆಯನ್ನು ತಡೆಯುತ್ತದೆ, ನಿಜ. ಆದರೆ ಮಳೆ ಕೈಕೊಟ್ಟ ಅಪಾಯವನ್ನು ಪೂರ್ತಿಯಾಗಿ ರೈತನ ಹೆಗಲಿಗೇ ಹೊರಿಸುತ್ತದೆ. ಮಲೆನಾಡಿನ ಅಂಚಿನ ರೈತನಿಗೂ ಬಯಲುಸೀಮೆಯ ರೈತನಿಗೂ ದರ ಒಂದೇ. ಹೆಚ್ಚು ಮಳೆ ಬೀಳುವ, ಮರಗಳಿಗೆ ಕೊರತೆಯಿಲ್ಲದ ಕಡೆಗೇ ಹೆಚ್ಚು ಹಣ ಹರಿಯುವುದು ಇಂತಹ ನಿಯಮದ ಸಹಜ ಪರಿಣಾಮ.

ಎರೆ ನೆಲದ ಹಠ

ಹಣವೊಂದೇ ಅಡ್ಡಿಯೆಂದು ತಿಳಿಯುವುದೂ ಸರಿಯಲ್ಲ. ಎರೆಹೊಲದ ರೈತ ಮರವನ್ನು ಅನುಮಾನದಿಂದ ನೋಡುವುದಕ್ಕೆ ಅವನದೇ ಕಾರಣಗಳಿವೆ. ನಗರದ ಪರಿಸರಪ್ರಿಯರು ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಬೇಸರದ ಸಂಗತಿ. ಬೇಸಿಗೆಯಲ್ಲಿ ಎರೆ ನೆಲ ಮೊಳಕಾಲುದ್ದ ಬಿರಿಯುತ್ತದೆ. ಬಿರುಕಿನ ಜೊತೆಗೆ ಎಳೆಯ ಬೇರೂ ಹರಿಯುತ್ತದೆ. ಮಳೆಗಾಲದಲ್ಲಿ ಅದೇ ನೆಲ ನೀರು ಹಿಡಿದುಕೊಂಡು ಬಿಡುವುದಿಲ್ಲ. ನೀರು ಬಸಿದುಹೋಗುವ ನೆಲ ಬಯಸುವ ಸಾಗವಾನಿ ಇಲ್ಲಿ ಸೊರಗುತ್ತದೆ. ಬೆಣ್ಣಿಹಳ್ಳ ಉಕ್ಕಿದ ವರ್ಷಗಳಲ್ಲಂತೂ ನವಲಗುಂದದ ಕಡೆಯ ಹೊಲಗಳು ದಿನಗಟ್ಟಲೆ ನೀರಿನಡಿ ಇರುತ್ತವೆ. 2019ರ ಆಗಸ್ಟ್‌ನಲ್ಲಿ ಕಂಡದ್ದು ಇದನ್ನೇ. ಈ ನೆಲಕ್ಕೆ ಒಗ್ಗಿದ್ದು ಕರಿಜಾಲಿ, ಬೇವು, ಬನ್ನಿ, ಹುಣಸೆ. ಕರಿಜಾಲಿಯ ಕಾಯಿ ಕುರಿಗೆ ಮೇವು, ಮುಳ್ಳು ಬೇಲಿಗೆ, ದಿಮ್ಮಿ ಬಂಡಿ-ನೇಗಿಲಿಗೆ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕರಿಜಾಲಿಯ ಗೌರವವೂ ಇಳಿಯಿತು. ಟ್ರ್ಯಾಕ್ಟರ್ ತಿರುಗಲು ಅನುಕೂಲವಾಗಲೆಂದು ಬದುಗಳೇ ಕಿರಿದಾಗಿವೆ.

ನೆರಳು ಬಿದ್ದಲ್ಲಿ ಜೋಳದ ತೆನೆ ಸಣ್ಣದಾಗುತ್ತದೆ. ಮರವಿದ್ದರೆ ಹಕ್ಕಿ ಕೂಡುತ್ತವೆ. ಹಾಲುಗಾಳು ತುಂಬುವ ಹೊತ್ತಿಗೆ ಜೋಳದ ಹೊಲದವನಿಗೆ ಅದು ಸಣ್ಣ ಪೀಡೆಯಲ್ಲ. ಪಕ್ಕದ ಹೊಲದವನು ತನ್ನ ಪೈರಿಗೆ ನೆರಳು ಬಿತ್ತೆಂದು ತಕರಾರು ತೆಗೆಯುತ್ತಾನೆ. ಬದು ಯಾರದೆಂಬ ಹಳೆಯ ವ್ಯಾಜ್ಯ ಮರದ ನೆಪದಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಕುರಿಗಳದು. ಹಿಂಗಾರಿ ಬೆಳೆ ಕೊಯ್ದ ಮೇಲೆ ಎರೆಸೀಮೆಯ ಹೊಲಗಳು ಬೇಲಿಯಿಲ್ಲದ ಬಯಲಾಗುತ್ತವೆ. ಆಗ ಕುರುಬರ ಹಿಂಡುಗಳು ಬರುತ್ತವೆ. ಹೊಲದಲ್ಲಿ ಕುರಿ ಕೂಡಿಸಿದರೆ ಗೊಬ್ಬರ ಸಿಗುತ್ತದೆ; ಅದಕ್ಕಾಗಿ ರೈತರೇ ಕುರಿಗಾರರನ್ನು ಕರೆದು ಕಾಳು-ಕಡ್ಡಿ ಕೊಡುತ್ತಾರೆ. ತಲೆಮಾರುಗಳಿಂದ ನಡೆದುಬಂದ ಈ ಒಪ್ಪಂದ ಇಬ್ಬರಿಗೂ ಲಾಭದ್ದು. ಆದರೆ ಆರು ತಿಂಗಳ ಸಸಿಗೆ ಹಿಂಡು ಬಂದರೆ ಒಂದೇ ದಿನದಲ್ಲಿ ಕಥೆ ಮುಗಿಯುತ್ತದೆ. ಸಸಿ ಉಳಿಸಲು ಕುರಿ ತಡೆಯಬೇಕು. ಕುರಿ ತಡೆದರೆ ಗೊಬ್ಬರ ಹೋಗುತ್ತದೆ, ಕುರಿಗಾರನ ಬದುಕೂ ಹೋಗುತ್ತದೆ. ಎಣಿಕೆಯ ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲ. ಮುಳ್ಳಿನ ಬೇಲಿಗೋ, ಸಸಿಯ ಸುತ್ತಲಿನ ಗೂಡಿಗೋ ಪ್ರತ್ಯೇಕ ನೆರವು ಇದ್ದಿದ್ದರೆ ಬದುಕುವ ಸಸಿಗಳ ಪ್ರಮಾಣ ತಾನಾಗಿಯೇ ಏರುತ್ತಿತ್ತು. ಸಾವಿರ ಸಸಿ ಹಂಚುವ ಬದಲು ಇನ್ನೂರು ಸಸಿಗೆ ಗೂಡು ಕಟ್ಟಿಸುವುದು ಎರೆಸೀಮೆಗೆ ಒಪ್ಪುವ ಕ್ರಮ. ಆದರೆ ಇನ್ನೂರರ ಸಂಖ್ಯೆ ವನಮಹೋತ್ಸವದ ವೇದಿಕೆಯಲ್ಲಿ ಶೋಭಿಸುವುದಿಲ್ಲ.

ಜಿಲ್ಲೆಯೊಳಗೇ ಬೇರೆ ಮಾದರಿಯ ಪ್ರಯತ್ನ ನಡೆದಿರುವುದನ್ನು ಮರೆಯುವಂತಿಲ್ಲ. ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಬೈಫ್ ಸಂಸ್ಥೆ ಕೃಷಿಹೊಂಡ, ಹಣ್ಣಿನ ಗಿಡ ಮತ್ತು ಅರಣ್ಯ ಮರಗಳನ್ನು ಒಂದೇ ಹೊಲದಲ್ಲಿ ಜೋಡಿಸಿತು. ಒಳಗೆ ಮಾವು, ಅಂಚಿನಲ್ಲಿ ಮೇವು-ಸೌದೆಯ ಮರ, ನಡುವೆ ಎಂದಿನ ಬೆಳೆ. ಅಲ್ಲಿ ಮೊದಲು ಬಂದದ್ದು ನೀರು, ನಂತರ ಸಸಿ. ಕಲಘಟಗಿಯ ಕೆಂಪು ನೆಲ, ಹೆಚ್ಚಿನ ಮಳೆ ಕುಂದಗೋಳಕ್ಕಿಲ್ಲ, ಆದ್ದರಿಂದ ಅದನ್ನು ಯಥಾವತ್ತಾಗಿ ಎತ್ತಿ ತರಲಾಗದು. ಆದರೆ ಕ್ರಮವನ್ನಂತೂ ಗಮನಿಸಬಹುದು.

ಹೊಲ ಯಾರದು, ಗಿಡ ಯಾರದು?

ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನ ಓದುಗರಲ್ಲಿ ಹಲವರಿಗೆ ಊರಿನಲ್ಲಿ ಹೊಲವಿದೆ. ಪಹಣಿ ಅವರ ಹೆಸರಿನಲ್ಲಿ, ಉಳುಮೆ ಲಾವಣಿ ಹಿಡಿದವನದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ರಾಜ್ಯದಲ್ಲಿ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲವಾದ್ದರಿಂದ ಲಾವಣಿದಾರ ಕಾಗದದ ಮೇಲೆ ಇಲ್ಲದ ಮನುಷ್ಯ. ಪ್ರೋತ್ಸಾಹ ಧನದ ಅರ್ಜಿಗೆ ಪಹಣಿ ಬೇಕು. ಹಣ ಖಾತೆದಾರನಿಗೇ ಹೋಗಬೇಕು. ಬೇಸಿಗೆಯಲ್ಲಿ ಕೊಡ ಹೊತ್ತವನಿಗೆ ಅದರಲ್ಲಿ ಪಾಲಿಲ್ಲ. ವರ್ಷ ವರ್ಷಕ್ಕೂ ಲಾವಣಿ ಬದಲಾಗುವಾಗ, ಇಪ್ಪತ್ತು ವರ್ಷದ ಮರಕ್ಕೆ ಅವನು ನೀರುಣಿಸಲಿ ಎಂದು ಬಯಸುವುದು ತುಸು ಹೆಚ್ಚಿನ ಆಸೆಯೇ ಸರಿ. ಸಂಶಿಯ ಬದುವಿನಲ್ಲಿ ಸಸಿ ಏಕೆ ಉಳಿಯುವುದಿಲ್ಲ ಎಂಬುದಕ್ಕೆ ಕಾರಣದ ಒಂದು ಭಾಗ ನಗರದಲ್ಲಿಯೇ ವಾಸಿಸುತ್ತಿದೆ.

2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿಯಾದ ಮೇಲೆ ಇನ್ನೊಂದು ಬಗೆಯ ಮಾಲೀಕ ಬಂದಿದ್ದಾನೆ. ಶ್ರೀಗಂಧ, ಮಹಾಗನಿ, ಹೆಬ್ಬೇವು ನೆಟ್ಟು, ತಂತಿ ಬೇಲಿ ಹಾಕಿ, ಹನಿ ನೀರಾವರಿ ಅಳವಡಿಸಿ, ವಾರಾಂತ್ಯಕ್ಕೆ ಬಂದು ನೋಡಿಹೋಗುವವನು. ಅವನ ಸಸಿಗಳು ಬದುಕುತ್ತವೆ. ಬದುಕಿದ ಸಸಿಗೆ ಹಣ ಎಂಬ ನಿಯಮದಡಿ ನೆರವು ಸಲೀಸಾಗಿ ತಲುಪುವುದು ಇಂತಹವರಿಗೇ. ಇದರಲ್ಲಿ ಅಕ್ರಮವೇನೂ ಇಲ್ಲ. ಆದರೆ ನೆರವಿಲ್ಲದಿದ್ದರೂ ಮರ ಬೆಳೆಸುತ್ತಿದ್ದವನಿಗೆ ನೆರವು ಕೊಟ್ಟು, ನೆರವಿದ್ದರೆ ಮಾತ್ರ ಬೆಳೆಸಬಲ್ಲವನನ್ನು ಹೊರಗಿಡುವ ಯೋಜನೆ ಸಾರ್ವಜನಿಕ ಹಣದ ಸದ್ಬಳಕೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಅಮೆರಿಕದ ಅನುಭವವನ್ನು ಇಲ್ಲಿ ನೆನೆಯಬಹುದು. ಅಲ್ಲಿ ಕಾಡಿನ ದೊಡ್ಡ ಪಾಲು ಖಾಸಗಿಯವರದು. 1990ರ ಕೃಷಿ ಕಾನೂನು ಖಾಸಗಿ ಕಾಡಿನ ಮಾಲೀಕರಿಗಾಗಿ ಅರಣ್ಯ ಪಾಲನಾ ಕಾರ್ಯಕ್ರಮವನ್ನು ರೂಪಿಸಿತು. ಮೊದಲು ಅರಣ್ಯ ತಜ್ಞನೊಬ್ಬ ಜಮೀನು ನೋಡಿ, ಮಾಲೀಕನ ಇಚ್ಛೆ ಕೇಳಿ, ಲಿಖಿತ ನಿರ್ವಹಣಾ ಯೋಜನೆ ಬರೆದುಕೊಡಬೇಕು. ಆ ಯೋಜನೆಯಲ್ಲಿರುವ ಕೆಲಸಗಳಿಗೆ ಶೇ 75ರವರೆಗೆ ವೆಚ್ಚ ಹಂಚಿಕೊಳ್ಳಲು ಇನ್ನೊಂದು ನಿಧಿ. ಹಣ ಪಡೆದವನು ಹತ್ತು ವರ್ಷ ಆ ಕೆಲಸವನ್ನು ಕಾಪಾಡುವ ವಾಗ್ದಾನ ಕೊಡಬೇಕು. ಆ ನಿಧಿ 2002ರಲ್ಲಿ ರದ್ದಾಗಿ ಬೇರೆ ರೂಪ ತಳೆಯಿತು. ಅಲ್ಲಿಯೂ ಸರ್ಕಾರದ ಹಣ ನಿಶ್ಚಿತವಲ್ಲ. ನಾಲ್ಕು ಎಕರೆಯ ಎರೆಹೊಲಕ್ಕೂ ನೂರಾರು ಎಕರೆಯ ಕಾಡಿಗೂ ಹೋಲಿಕೆ ಸಲ್ಲದೆಂಬುದು ಸ್ಪಷ್ಟ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಹಣ ಬರೆದ ಯೋಜನೆಯ ಹಿಂದೆ ಹೋಗುತ್ತದೆ, ಇಲ್ಲಿ ತಲೆ ಎಣಿಕೆಯ ಹಿಂದೆ. ಯಾವ ಹೊಲಕ್ಕೆ ಯಾವ ಮರ, ಎಷ್ಟು ಅಂತರ, ಯಾವ ದಿಕ್ಕಿನ ಬದುವಿಗೆ ನೆಟ್ಟರೆ ಜೋಳಕ್ಕೆ ನೆರಳು ಬೀಳದು ಎಂದು ಹೇಳಿಕೊಡಲು ಬೇಕಾದ ಜ್ಞಾನ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿದೆ, ಅದರ ಶಿರಸಿಯ ಅರಣ್ಯ ಕಾಲೇಜಿನಲ್ಲಿದೆ. ಸಸಿ ಕೊಡುವ ಕಿಟಕಿಯ ಬಳಿ ಆ ಜ್ಞಾನ ಸಿಗುವುದಿಲ್ಲ.

ಬೆಳೆದ ಮರಕ್ಕೆ ಬೀಗ

ಇಷ್ಟೆಲ್ಲ ಕಷ್ಟ ದಾಟಿ ಮರ ಬೆಳೆಯಿತೆನ್ನಿ. ಅದನ್ನು ಕಡಿದು ಮಾರುವ ಹಕ್ಕು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹೊಲದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ: ಗಾಳಿ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ತೆಂಗು ಇತ್ಯಾದಿ. ನಂತರದ ತಿದ್ದುಪಡಿಗಳಿಂದ ಪಟ್ಟಿ ತುಸು ಉದ್ದವಾಗಿದೆ. ಈ ಪಟ್ಟಿಯನ್ನು ಪ್ರೋತ್ಸಾಹ ಧನ ಸಿಗದ ಮರಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಮೂಗಿನ ಮೇಲೆ ಬೆರಳಿಡುವಂತಾಗುತ್ತದೆ. ಸರ್ಕಾರ ಯಾವುದನ್ನು ನೆಡಬೇಡವೆನ್ನುತ್ತದೋ ಅದನ್ನು ಕಡಿಯಲು ಅನುಮತಿ ಬೇಡ. ಯಾವುದನ್ನು ಹಣ ಕೊಟ್ಟು ನೆಡಿಸುತ್ತದೋ ಅದರಲ್ಲಿ ಹಲವನ್ನು ಕಡಿಯಲು ಅರ್ಜಿ, ಪರಿಶೀಲನೆ, ಸಾಗಣೆ ಪರವಾನಗಿ ಎಲ್ಲವೂ ಬೇಕು. ಸಾಗವಾನಿ ಬೆಳೆದವನು ಕಚೇರಿಗೆ ಅಲೆಯಬೇಕು, ನೀಲಗಿರಿ ಬೆಳೆದವನು ಲಾರಿಗೆ ಕರೆ ಮಾಡಿದರೆ ಸಾಕಿತ್ತು. ಕೋಲಾರದ ರೈತ ನೀಲಗಿರಿ ಹಿಡಿದದ್ದು ಬರೀ ಲಾಭದ ಆಸೆಯಿಂದಲ್ಲ, ಈ ಸಲೀಸಿನಿಂದಲೂ ಹೌದು.

ಶ್ರೀಗಂಧದ ಇತಿಹಾಸ ಇದಕ್ಕಿಂತ ಕಟುವಾದ ಸಾಕ್ಷಿ. ಟಿಪ್ಪು ಸುಲ್ತಾನನ ಕಾಲದಿಂದ ರಾಜವೃಕ್ಷವೆನಿಸಿದ ಗಂಧ, ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೇ ಆಗಿತ್ತು. ತನ್ನದಲ್ಲದ, ಕಳುವಾದರೆ ತನ್ನನ್ನೇ ಪೊಲೀಸರು ಪ್ರಶ್ನಿಸುವ ಮರವನ್ನು ಯಾವ ರೈತ ಸಾಕಿಯಾನು? ಎಳೆಯ ಗಂಧದ ಸಸಿ ಕಂಡರೆ ಕಿತ್ತೆಸೆಯುತ್ತಿದ್ದ ಕಾಲ ಅದು. 2001ರ ತಿದ್ದುಪಡಿ ಭೂಮಾಲೀಕನನ್ನು ಮರದ ಮಾಲೀಕನನ್ನಾಗಿ ಮಾಡಿದ ನಂತರವೇ ಖಾಸಗಿ ಜಮೀನುಗಳಲ್ಲಿ ಗಂಧ ಕಾಣತೊಡಗಿತು. ಆದರೂ ಮಾರಾಟದ ಬಾಗಿಲು ಸರ್ಕಾರಿ ಸಂಸ್ಥೆಗಳತ್ತ ಮಾತ್ರ ತೆರೆದಿತ್ತು. ಅದನ್ನು ಸಡಿಲಿಸುವ ಮಾತನ್ನು 2022ರ ಶ್ರೀಗಂಧ ನೀತಿ ಆಡಿತು. ಒಂದು ಸಸಿಗೆ 125 ರೂಪಾಯಿ ಕೊಡುವುದಕ್ಕಿಂತ ಮಾಲೀಕತ್ವದ ಒಂದು ವಾಕ್ಯ ಹೆಚ್ಚು ಗಿಡ ನೆಡಿಸಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇದರ ಜೊತೆಗೆ ಮತ್ತೊಂದು ಭಯವಿದೆ. ಕಾಡು ಯಾರ ಒಡೆತನದ್ದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಎಂದು ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದರಿಂದ ಹುಟ್ಟಿದ ‘ಪರಿಭಾವಿತ ಅರಣ್ಯ’ದ ಗೊಂದಲ ರಾಜ್ಯದಲ್ಲಿ ಕಾಲು ಶತಮಾನ ಎಳೆಯಿತು, ಮೊದಲು 9.94 ಲಕ್ಷ ಹೆಕ್ಟೇರ್ ಎಂದಿದ್ದುದನ್ನು 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. ಆದೇಶ ಕಾಡನ್ನು ಉಳಿಸಿತೆಂಬುದು ನಿಜ. ಅದರೊಂದಿಗೆ, ಹೊಲದಲ್ಲಿ ಮರ ದಟ್ಟವಾದರೆ ಹೊಲವೇ ಕೈತಪ್ಪೀತು ಎಂಬ ಶಂಕೆಯೂ ಹಳ್ಳಿಗಳಲ್ಲಿ ಬೇರೂರಿತು. ಸಂಶಿಯ ಬದುವಿಗೆ ಈ ಆದೇಶ ಅನ್ವಯಿಸದಿರಬಹುದು. ಶಂಕೆಗೆ ಸರ್ವೆ ನಂಬರಿನ ಗಡಿ ಇಲ್ಲ.

ಕೇಂದ್ರದ ಪರಿಸರ ಸಚಿವಾಲಯವು ಕೃಷಿ ಭೂಮಿಯ ಮರಗಳ ಕಟಾವಿಗೆ ಸಂಬಂಧಿಸಿ 2025ರ ಜೂನ್‌ನಲ್ಲಿ ರಾಜ್ಯಗಳಿಗೆ ಮಾದರಿ ನಿಯಮಗಳನ್ನು ಕಳುಹಿಸಿದೆ. ರೈತ ತನ್ನ ಮರಗಳನ್ನು ಜಾಲತಾಣದಲ್ಲಿ ನೋಂದಾಯಿಸಬೇಕು. ಹತ್ತು ಮರಗಳವರೆಗೆ ಛಾಯಾಚಿತ್ರ ಸಲ್ಲಿಸಿದರೆ ಸಾಕು, ಹೆಚ್ಚಿಗೆ ಇದ್ದರೆ ಸ್ಥಳ ಪರಿಶೀಲನೆ ಎಂಬುದು ಅದರ ತಿರುಳು. ಅಂತರರಾಜ್ಯ ಸಾಗಣೆಗೆ ಒಂದೇ ಪರವಾನಗಿಯ ವ್ಯವಸ್ಥೆಗೆ 2023ರ ಡಿಸೆಂಬರ್‌ನಲ್ಲಿಯೇ ಚಾಲನೆ ದೊರೆತಿತ್ತು. ಮಾದರಿ ನಿಯಮಗಳು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ. ಅಳವಡಿಸಿಕೊಳ್ಳುವ ವಿವೇಚನೆ ರಾಜ್ಯದ್ದು. ಇಲ್ಲಿಯೇ ಕರ್ನಾಟಕಕ್ಕೊಂದು ಅನುಕೂಲವಿದೆ. ಪ್ರೋತ್ಸಾಹ ಯೋಜನೆಯಲ್ಲಿ ನೋಂದಾಯಿಸಿ, ಮೂರು ವರ್ಷ ಎಣಿಸಿ, ಹಣ ಕೊಟ್ಟ ಪ್ರತಿಯೊಂದು ಮರದ ದಾಖಲೆ ಇಲಾಖೆಯ ಬಳಿ ಈಗಾಗಲೇ ಇದೆ. ಪಹಣಿಯಲ್ಲಿ ಮರಗಳಿಗೆಂದೇ ಅಂಕಣವಿದೆ. ಅದು ಬಹುಮಟ್ಟಿಗೆ ಖಾಲಿ ಉಳಿಯುತ್ತದೆ. ಮೂರನೇ ವರ್ಷದ ಕಂತು ಪಾವತಿಸುವ ದಿನವೇ ಆ ಅಂಕಣ ತುಂಬಿ, ಅದೇ ದಾಖಲೆಯನ್ನು ಮುಂದೆ ಕಟಾವಿನ ಅನುಮತಿಯೆಂದು ಪರಿಗಣಿಸಿದರೆ ರೈತನಿಗೆ ಮತ್ತೊಮ್ಮೆ ಅರ್ಜಿಯ ಅಗತ್ಯ ಬೀಳದು. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಂದು ಮೇಜಿನ ಸುತ್ತ ಕೂಡಬೇಕು, ಅಷ್ಟೆ. ಅಷ್ಟೇ ಕಷ್ಟದ್ದು ಎಂದು ಬಲ್ಲವರು ಹೇಳಿಯಾರು.

ಅನುದಾನ ಬೇಕಿರುವುದು ಮೊದಲ ಬೇಸಿಗೆಗೆ. 125 ರೂಪಾಯಿಯನ್ನು ಒಂದು ಪೈಸೆ ಹೆಚ್ಚಿಸದೆಯೂ ಕಂತುಗಳ ಕ್ರಮವನ್ನು ತಿರುಗಿಸಬಹುದು: ಮೊದಲ ಕಂತನ್ನು 50ಕ್ಕೆ ಏರಿಸಿ, ಅದರ ಒಂದು ಭಾಗವನ್ನು ಜನವರಿಯ ಎಣಿಕೆಯ ನಂತರವೇ, ಅಂದರೆ ನೀರಿನ ಅಗತ್ಯ ಶುರುವಾಗುವ ಮುನ್ನ ಕೊಡುವುದು. ಬರಪೀಡಿತವೆಂದು ಘೋಷಿತವಾದ ತಾಲ್ಲೂಕಿನಲ್ಲಿ ಸತ್ತ ಸಸಿಗೆ ಮರುವರ್ಷ ಉಚಿತ ಬದಲಿ ಸಸಿ ನೀಡಿ, ಎಣಿಕೆಯ ವರ್ಷವನ್ನು ಮುಂದೂಡುವುದು. ಎರೆಭೂಮಿಯ ತಾಲ್ಲೂಕುಗಳಿಗೆ ಕರಿಜಾಲಿ, ಬೇವು, ಹುಣಸೆಗಳ ಸಸಿಯನ್ನು ಆದ್ಯತೆಯ ಮೇಲೆ ಬೆಳೆಸಿ, ಬೇಲಿಗೆ ಪ್ರತ್ಯೇಕ ನೆರವು ಕೊಡುವುದು. ಸಸ್ಯಕ್ಷೇತ್ರಗಳಲ್ಲಿ ಮುಂದಿನ ಮುಂಗಾರಿನ ಸಸಿಗಳಿಗೆ ಚೀಲ ತುಂಬುವ ಕೆಲಸ ಚಳಿಗಾಲದಲ್ಲಿಯೇ ಆರಂಭವಾಗುತ್ತದೆ. ಯಾವ ಸಸಿ, ಯಾವ ತಾಲ್ಲೂಕಿಗೆ ಎಂಬ ತೀರ್ಮಾನ ಅದಕ್ಕೂ ಮುನ್ನ ಆಗಬೇಕಿದೆ.